ಬೋ ಉಷಾರಾಗವ್ಳೆ

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಾನಾರ್ಥ ಪದಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ಕರಿ ಅಂದರೆ ಆನೆ, ಕರಿ ಅಂದರೆ ಕಪ್ಪು. ತಪ್ಪು ಹೇಳಿದ ಮಕ್ಕಳನ್ನು ನಿಲ್ಲಿಸಿ ಮೂರು ಸಲ ಹೇಳಿಸುತ್ತೇನೆ, ಅಷ್ಟು ಜೋರಿನವಳು. ಅಂಥ ನನಗೆ, ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಒಂದು ಮಾತಿಗೆ ಎರಡು ಅರ್ಥವಿದೆ ಎಂದು ತಿಳಿಸಲು ಹೊರಗಿನಿಂದ ಒಬ್ಬ ಡಾಕ್ಟರಮ್ಮ ಬರಬೇಕಾಯಿತು. ಅಷ್ಟರಲ್ಲಿ ನನ್ನ ತಂಗಿ ಕೈತಪ್ಪಿ ಹೋಗುವುದರಲ್ಲಿದ್ದಳು. ಆ ಮಾತು ಉಷಾರು.

ಬರಹದಲ್ಲಿ ಹುಷಾರು. ನಮ್ಮ ಸೀಮೆಯಲ್ಲಿ ಹಕಾರ ನುಂಗಿ ಉಷಾರು ಅನ್ನುತ್ತೇವೆ. ಜ್ವರ ಬಂದವರಿಗೆ ಉಷಾರಿಲ್ಲ, ಜ್ವರ ಬಿಟ್ಟವರು ಉಷಾರಾದರು. ಇದು ಒಂದು. ನಾಲ್ಕು ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಎಂಟು ಗಂಟೆಯೊಳಗೆ ಗದ್ದೆಗೆ ಬುತ್ತಿ ಹೊತ್ತ ಸೊಸೆಯೂ ಉಷಾರು. ಇದು ಇನ್ನೊಂದು. ಎರಡಕ್ಕೂ ಒಂದೇ ಮಾತು ಇಟ್ಟುಕೊಂಡು ನಾವು ಇಷ್ಟು ಕಾಲ ಬದುಕಿದ್ದೇವೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವ್ವ ಬೇಗ ಹೋದ್ದರಿಂದ ನಾನೇ ಜಡೆ ಹಾಕಿ, ಸ್ಕೂಲಿಗೆ ಕಳಿಸಿ, ಕೊನೆಗೆ ಮಾಕವಳ್ಳಿ ಹತ್ತಿರದ ಒಂದು ಊರಿಗೆ ಮದುವೆ ಮಾಡಿಕೊಟ್ಟವಳು. ಕಬ್ಬು, ಭತ್ತ, ಹಸುಗಳು ಇರುವ ಮನೆ. ಗಂಡ ಸಾಧು, ಮಾತು ಕಡಿಮೆ. ಒಬ್ಬಳು ಮಗಳು. ತಂಗಿ ಆ ಮನೆಯನ್ನು ಒಬ್ಬಳೇ ತಿರುಗಿಸುತ್ತಾಳೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ. ಕೆಲವು ವರ್ಷಕ್ಕೊಮ್ಮೆ ಅವಳು ಎರಡು ತಿಂಗಳು ಮಂಕಾಗುವುದಿತ್ತು. ರಕ್ತ ಕಡಿಮೆ, ಮೈ ಸೋತಿದೆ ಅಂದುಕೊಂಡು ಟಾನಿಕ್ ಕೊಡಿಸುತ್ತಿದ್ದೆವು. ಆಮೇಲೆ ತಾನಾಗಿಯೇ ಏಳುತ್ತಿದ್ದಳು.

ಕಳೆದ ವರ್ಷ ಮಾತ್ರ ಏಳಲಿಲ್ಲ. ಗೌರಿ ಹಬ್ಬಕ್ಕೆ ನಾನು ತವರಿನ ಬಾಗಿನ ತೆಗೆದುಕೊಂಡು ಹೋದಾಗ ಅವಳು ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿನದ ಮೊರವನ್ನು ಪಕ್ಕದಲ್ಲಿಟ್ಟೆ, ತಿರುಗಿ ನೋಡಲಿಲ್ಲ. ಪ್ರತಿ ವರ್ಷ ಮೊರ ಬಿಚ್ಚಿ ಬಳೆ ಯಾವ ಬಣ್ಣ ಎಂದು ಮೊದಲು ನೋಡುವವಳು. ತಲೆ ಬಾಚದೆ ಎಷ್ಟು ದಿನವಾಗಿತ್ತೋ.

“ನಾನ್ ಇದ್ದು ಏನಾಗ್ಬೇಕಕ್ಕ,” ಅಂದಳು. ದನಿಯಲ್ಲಿ ದುಃಖವೂ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅವಳ ಗಂಡ ಅಷ್ಟರಲ್ಲಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದ. ನಾನು ಓದಿದವಳು ನೋಡಿ, ಅವನಿಗೆ ನಾಲ್ಕು ಮಾತು ಅಂದು ಮಾರನೆಯ ದಿನವೇ ಅವಳನ್ನು ಪೇಟೆಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದಲೇ ಕೇಳಿದರು. ನಿದ್ದೆ, ಊಟ, ಸಾಯುವ ಯೋಚನೆ, ಎಲ್ಲ. ಇದು ಖಿನ್ನತೆ, ವಾಸಿಯಾಗುತ್ತದೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಇದಕ್ಕೆ ಮುಂಚೆ ಹೇಗಿದ್ದರು ಅಂತ ಕೇಳಿದರು.

“ಬೋ ಉಷಾರಾಗಿದ್ಲು ಸಾರ್,” ಅಂದೆ. ಹೆಮ್ಮೆಯಿಂದಲೇ ಅಂದೆ. ಅವರು ಚೀಟಿಯಲ್ಲಿ ಏನೋ ಬರೆದುಕೊಂಡು ಮಾತ್ರೆ ಕೊಟ್ಟರು. ಅವರದು ತಪ್ಪು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಅವರೂ ಇದೇ ಸೀಮೆಯವರು. ಚೆನ್ನಾಗಿದ್ದಳು ಎಂದು ನಾನು ಹೇಳಿದೆ, ಹಾಗೆಂದೇ ಅವರು ಕೇಳಿಸಿಕೊಂಡರು.

ಮೂರನೇ ವಾರಕ್ಕೆ ತಂಗಿ ಎದ್ದಳು. ಎದ್ದಳು ಅಂದರೆ ಎಂಥ ಏಳುವುದು. ಕೊಟ್ಟಿಗೆಗೆ ಸುಣ್ಣ ಬಳಿದಳು. ಒಂದೇ ದಿನ ಬೀದಿಗೆಲ್ಲ ಆಗುವಷ್ಟು ಸಂಡಿಗೆ ಇಟ್ಟಳು. ನನಗೆ ದಿನಕ್ಕೆ ಐದಾರು ಫೋನು, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ಊರಿನಲ್ಲಿ ಮದುವೆಯಾಗದೆ ಉಳಿದ ಹೆಣ್ಣುಮಕ್ಕಳಿಗೆಲ್ಲ ತಾನೇ ಗಂಡು ಹುಡುಕುತ್ತೇನೆ ಅಂತ ಹೊರಟಳು. ಇಷ್ಟೂ ನನಗೆ ಸಂತೋಷವೇ ಆಯಿತು. ಪೇಟೆಯ ಡಾಕ್ಟರಿಗೆ ಫೋನ್ ಮಾಡಿ, ಈಗ ಬೋ ಉಷಾರಾಗವ್ಳೆ ಸಾರ್, ಮೊದಲಿಗಿಂತ ಉಷಾರು, ಅಂದೆ. ಒಳ್ಳೆಯದು, ಅದೇ ಮಾತ್ರೆ ಮುಂದುವರಿಸಿ, ಒಂದು ಸಲ ಕರೆದುಕೊಂಡು ಬನ್ನಿ, ಅಂದರು. ಕರೆದುಕೊಂಡು ಹೋಗಲು ಅವಳಿಗೆ ಪುರುಸೊತ್ತೆಲ್ಲಿತ್ತು?

ದಸರೆ ಮುಗಿದ ಮೇಲಿನ ಭಾನುವಾರ ಅವಳು ಬಾಡೂಟಕ್ಕೆ ಕರೆದಳು. ಹರಕೆಯಲ್ಲ, ಬೀಗರೂಟವಲ್ಲ, ಮಗಳು ದೊಡ್ಡವಳಾದ ಆರತಿಯಲ್ಲ. ಏನು ವಿಶೇಷ ಅಂದವರಿಗೆ, “ಸುಮ್ಕೆ ಬನ್ನಿ, ಉಂಡ್ಕಂಡ್ ಹೋಗಿ,” ಅಂತ ಉತ್ತರ. ಮೂರೂರಿನ ಜನ ಬಂದರು. ನಮ್ಮ ಕಡೆ ಬಾಡೂಟಕ್ಕೆ ಕಾರಣ ಕೇಳಿ ಹಿಂದಕ್ಕೆ ಹೋದವರನ್ನು ನಾನಂತೂ ಕಂಡಿಲ್ಲ. ಮುದ್ದೆ, ಬೋಟಿ ಗೊಜ್ಜು, ಚಾಪ್ಸು. ತಂಗಿ ರೇಷ್ಮೆ ಸೀರೆ ಎತ್ತಿ ಕಟ್ಟಿ ಸಾಲಿನಿಂದ ಸಾಲಿಗೆ ಓಡುತ್ತಿದ್ದಳು, ಗಂಟಲು ಕಟ್ಟಿತ್ತು, ಕಣ್ಣು ಮಿರಮಿರ ಮಿಂಚುತ್ತಿದ್ದವು. ಅವಳ ಗಂಡ ನೀರಿನ ಡ್ರಮ್ಮಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡ.

“ಅಕ್ಕ, ಅವ್ಳು ಮಲ್ಗಿ ನಾಕ್ ದಿನ ಆಯ್ತು,” ಅಂದ.

“ಬಾಡೂಟದ ಕೆಲ್ಸ ಅಂದ್ರೆ ಸುಮ್ನೇನಾ? ಎದ್ ಓಡಾಡ್ತಾವ್ಳಲ್ಲ ಅಂತ ಸಂತೋಷ ಪಡೋದ್ ಬುಟ್ಟು,” ಅಂತ ಅವನನ್ನೇ ಗದರಿ ಹೋಗಿ ಕುಳಿತು ಇನ್ನೊಂದು ಸಲ ಗೊಜ್ಜು ಹಾಕಿಸಿಕೊಂಡೆ.

ಮೊದಲು ಎಚ್ಚರಿಸಿದ್ದು ನಮ್ಮ ಬೀದಿಯಲ್ಲಿ ಬ್ಲೌಸು ಹೊಲಿಯುವ ಸಾಬರ ಹೆಂಗಸು. ನಾನು ಅವರನ್ನು ಆಪಾ ಅನ್ನುತ್ತೇನೆ. ತಂಗಿಯ ಅಳತೆ ಅವರ ಹತ್ತಿರ ಮೊದಲಿನಿಂದ ಇತ್ತು. ಬಾಡೂಟವಾದ ಮೂರನೇ ದಿನ ನನ್ನನ್ನು ಅಂಗಡಿಯೊಳಕ್ಕೆ ಕರೆದು ಟೇಬಲ್ಲಿನ ಮೇಲೆ ಬಟ್ಟೆ ಹರಡಿದರು.

“ಹನ್ನೊಂದು ಬ್ಲೌಸು ಮೇಡಂ. ಒಂದೇ ವಾರ್ದಲ್ಲಿ ಕಳ್ಸವ್ರೆ. ದಿನಾ ಫೋನ್ ಮಾಡಿ ತೋಳು ಬದಲಾಯ್ಸಿ ಅಂತಾರೆ. ನಮ್ ಭಾಯಿಗೂ ಇಂಗೇ ಆಗಿತ್ತು. ಖುಷಿ ಅಂದ್ಕಂಡ್ವಿ, ಬೀಮಾರಿ ಆಗಿತ್ತು. ನಾಗಮಂಗಲದ ಆಚೆ ದೊಡ್ಡಾಸ್ಪತ್ರೇಲಿ ತೋರ್ಸಿದ್ವಿ. ನೀವೂ ಒಂದ್ಸಲ ತೋರ್ಸಿ.”

ನನಗೆ ಸಿಟ್ಟು ಬಂತು. ಉಷಾರಾದವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾ ಆಪಾ ಅಂತ ಕೊಂಕಾಗಿಯೇ ಕೇಳಿದೆ. ಅವರು ಬಟ್ಟೆ ಮಡಚಿ ಒಳಗಿಟ್ಟರು.

ಅದಾದ ಎರಡು ದಿನಕ್ಕೆ, ಮಧ್ಯಾಹ್ನ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು. ಬಾಬುರಾಯನಕೊಪ್ಪಲಿನಲ್ಲಿ ರಸ್ತೆ ಪಕ್ಕ ಎಳನೀರು ಮಾರುವವನು. “ನಿಮ್ ತಂಗಿ ಅಂತೆ, ಇಲ್ಲವ್ರೆ. ರೋಡ್ ಮಧ್ಯ ನಡ್ಕಂಡ್ ಬತ್ತಿದ್ರು, ಕೂರ್ಸಿವ್ನಿ. ಬೇಗ ಬನ್ನಿ ಕಣವ್ವ.” ನಾನು ಸೀಮೆಸುಣ್ಣ ಹಿಡಿದ ಕೈಯಲ್ಲೇ ಬಸ್ಸು ಹತ್ತಿದೆ.

ಎಳನೀರಿನ ರಾಶಿಯ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದಳು. ಬರಿಗಾಲು, ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಶ್ರೀರಂಗಪಟ್ಟಣಕ್ಕೆ ಮುಂಚೆಯೇ ಬಸ್ಸಿಳಿದು, ಮೈಸೂರಿನ ಅರಮನೆಗೆ ಹೋಗಿ ಊರಿನ ಹುಡುಗಿಯರ ಮದುವೆ ಮಾತಾಡುತ್ತೇನೆ ಎಂದು ನಡೆದಿದ್ದಳು. ಎರಡು ಸಲ ಲಾರಿಯವರು ತಪ್ಪಿಸಿಕೊಂಡು ಹೋದರಂತೆ. ನನ್ನನ್ನು ಕಂಡ ಕೂಡಲೇ, “ನೀನೂ ಬಂದ್ಬುಟ್ಟಾ, ಒಳ್ಳೇದಾಯ್ತು, ನಡಿ,” ಅಂದಳು. ಕೈ ಹಿಡಿದೆ, ಕೊಸರಿದಳು. ಬೈದಳು, ಅವ್ವನ ಹೆಸರೆತ್ತಿ ಅತ್ತಳು, ಮರುಗಳಿಗೆಗೇ ನಕ್ಕಳು. ಈ ಹುಡುಗಿ ನಾನು ಜಡೆ ಹಾಕಿ ಬೆಳೆಸಿದವಳಾ ಅನ್ನಿಸಿತು. ಆಪಾಗೆ ಫೋನ್ ಮಾಡಿ ಆ ಆಸ್ಪತ್ರೆಗೆ ಹೇಗೆ ಹೋಗುವುದು ಅಂತ ಕೇಳಿದೆ. ಅವರು ಹಳೆಯ ಮಾತು ಎತ್ತಲಿಲ್ಲ, ತಮ್ಮ ಭಾಯಿಯ ಕಾರನ್ನೇ ಕಳಿಸಿದರು. ತಂಗಿಯ ಗಂಡ ಪಾಂಡವಪುರದಲ್ಲಿ ಹತ್ತಿಕೊಂಡ.

ಆಸ್ಪತ್ರೆಯಲ್ಲಿ ಅವಳನ್ನು ಸೇರಿಸಿಕೊಂಡು ಮಲಗಿಸಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನು ಕೂರಿಸಿಕೊಂಡರು. ಚಿಕ್ಕ ವಯಸ್ಸು, ಧಾರವಾಡದ ಕಡೆಯವರು. ನಾನು ಮೊದಲಿನಿಂದ ಹೇಳಿದೆ. ಮಂಕಾಗಿದ್ದಳು, ಮಾತ್ರೆ ತೆಗೆದುಕೊಂಡಳು, ಆಮೇಲೆ ತುಂಬ ಹುಷಾರಾಗಿದ್ದಳು, ಈಗ ಇದ್ದಕ್ಕಿದ್ದ ಹಾಗೆ ಹೀಗಾಯಿತು. ಅವರು ಬರೆಯುವುದನ್ನು ನಿಲ್ಲಿಸಿದರು.

“ಹುಷಾರ ಅಂದ್ರ ಏನ್ರಿ ಟೀಚರ್? ನಮ್ಮ ಕಡೆ ಹುಷಾರ ಅಂದ್ರ ಶಾಣ್ಯಾ, ಚುರುಕು ಅಂತ. ಮೈ ಚಲೋ ಇದ್ರ ಆರಾಮ ಅಂತೀವಿ. ನಿಮ್ಮ ತಂಗಿ ಆರಾಮ ಇದ್ರೋ, ಹುಷಾರ ಇದ್ರೋ?”

ಎರಡೂ ಒಂದೇ ಅಲ್ಲವಾ ಅಂದೆ. ಅವರು ಬಿಡಿಸಿ ಕೇಳಿದರು. “ಆರಾಮ ಇದ್ದಾಗ ಎಷ್ಟು ತಾಸು ಮಲಗತಾರ?” ಏಳು ಗಂಟೆ ಅಂದ ತಂಗಿಯ ಗಂಡ. “ಈ ಹುಷಾರ ಇದ್ದಾಗ?” ಎರಡು ಗಂಟೆ, ಕೆಲವು ದಿನ ಅದೂ ಇಲ್ಲ. ಸುಸ್ತಾಗುತ್ತಿತ್ತೇ? ಇಲ್ಲ. ಮಾತು ಹೆಚ್ಚಾಗಿತ್ತೇ, ಖರ್ಚು ಹೆಚ್ಚಾಗಿತ್ತೇ, ಹಿಂದೆಯೂ ಹೀಗೆ ಆಗಿತ್ತೇ? ಅವನು ಒಂದೊಂದಾಗಿ ಹೇಳುತ್ತ ಹೋದ. ಮದುವೆಯಾದ ವರ್ಷ ಒಂದು ಸಲ, ಬಾಣಂತನ ಮುಗಿದ ಮೇಲೆ ಒಂದು ಸಲ. ಮಾತಿಲ್ಲದ ಮನುಷ್ಯ ಎಲ್ಲವನ್ನೂ ನೋಡಿ ಇಟ್ಟುಕೊಂಡಿದ್ದ. ಅವನನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಹೇಳಲು ಬಂದಾಗ ನಾನೇ ಗದರಿದ್ದೆ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ನೇರ ಗೆರೆ ಎಳೆದು, ಅದರ ಕೆಳಗೆ ಇಳಿಯುವ, ಮೇಲೆ ಏರುವ ಇನ್ನೊಂದು ಗೆರೆ ಎಳೆದರು. ಕೆಳಗಿನದು ಖಿನ್ನತೆ, ಮೇಲಿನದು ಉನ್ಮಾದ, ಎರಡೂ ಸೇರಿ ಒಂದೇ ಕಾಯಿಲೆ, ಬೈಪೋಲಾರ್ ಅನ್ನುತ್ತಾರೆ ಅಂದರು. ನಡುವಿನ ನೇರ ಗೆರೆ ಆರಾಮು. ಇಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವೊಮ್ಮೆ ಮೇಲಕ್ಕೆ ಹಾರಿಸಿಬಿಡುತ್ತದೆ. ಮೇಲಿನ ಅರ್ಧ ಕತೆಯನ್ನು ಯಾರಾದರೂ ಹೇಳಿದ್ದರೆ ಮೊದಲ ಡಾಕ್ಟರೂ ಬೇರೆ ಮಾತ್ರೆ ಬರೆಯುತ್ತಿದ್ದರು. ಇನ್ನು ಮೇಲೆ ಏರಿಳಿತ ಹಿಡಿದಿಡುವ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಬಹುಕಾಲ ಬೇಕಾಗಬಹುದು. ತಾವಾಗಿ ನಿಲ್ಲಿಸಬಾರದು, ನಿಲ್ಲಿಸಿದರೆ ಮತ್ತೆ ಏರುತ್ತದೆ, ಏರಿದ ಮೇಲಿನ ಇಳಿತದಲ್ಲಿ ಜೀವಕ್ಕೇ ಅಪಾಯ. ನಾನು ಆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಅತ್ತೆ.

ಇದಾಗಿ ವರ್ಷವಾಗುತ್ತಾ ಬಂತು. ತಂಗಿ ಮನೆಗೆ ಬಂದಳು, ಹಾಲು ಕರೆಯುತ್ತಾಳೆ, ಮಗಳಿಗೆ ಬುತ್ತಿ ಕಟ್ಟುತ್ತಾಳೆ. ಸ್ವಲ್ಪ ದಪ್ಪಗಾಗಿದ್ದಾಳೆ, ಲೋಟ ಹಿಡಿದರೆ ಬೆರಳು ಸಣ್ಣಗೆ ನಡುಗುತ್ತವೆ. ಯಾಕವ್ವ ಮೊದಲಿನ ಉಷಾರಿಲ್ಲ ಅಂತ ಡೈರಿಯ ಹತ್ತಿರ ದಿನಾ ಯಾರಾದರೂ ಕೇಳುತ್ತಾರಂತೆ. ನಾನೂ ಏನು ಕಡಿಮೆಯವಳಲ್ಲ. ಸ್ಕೂಲಿನಲ್ಲಿ ಕೇಳಿದವರಿಗೆ ತಂಗಿಗೆ ಥೈರಾಯ್ಡ್ ಅಂತ ಹೇಳಿಬಿಟ್ಟಿದ್ದೆ.

ಈ ಸಲದ ಗೌರಿ ಹಬ್ಬಕ್ಕೆ ಮತ್ತೆ ಬಾಗಿನ ಹೊತ್ತು ಹೋದೆ. ಅವಳು ಮೊರ ಬಿಚ್ಚಿ ಬಳೆ ನೋಡಿದಳು, ಹಸಿರು ಅಂದಳು, ಅಷ್ಟೆ. ಬಳೆಯನ್ನು ಗೂಡಿನಲ್ಲಿಡಲು ಹೋದಾಗ ಅಲ್ಲಿ ದಿನ ಬರೆದಿಟ್ಟ ಮಾತ್ರೆಯ ಹಾಳೆ ಕಂಡಿತು. ಕಳೆದ ಆರು ದಿನದ ಮಾತ್ರೆ ಹಾಗೇ ಇದ್ದವು. ಯಾಕೆ ಅಂತ ಕೇಳಿದೆ, ಮೇಡಂ ದನಿಯಲ್ಲೇ ಕೇಳಿದೆ.

“ಆವಾಗ ನನ್ ತಂಗಿ ಬೋ ಉಷಾರು ಅಂತ ಊರ್ಗೆಲ್ಲ ಹೇಳ್ಕಂಡ್ ತಿರುಗ್ತಿದ್ದೆ ನೀನು,” ಅಂದಳು. “ಈಗ ಯಾರ್ ಕುಟ್ಟಾದ್ರೂ ನನ್ ಸುದ್ದಿ ಹೇಳ್ತೀಯೇನಕ್ಕ? ಎಲ್ರಿಗೂ ಬೇಕಾಗಿದ್ದು ಆ ಉಷಾರು ಹೆಂಗ್ಸು. ಈ ಮಾತ್ರೆ ನುಂಗ್ಕಂಡು ನಾನ್ ಯಾರಿಗ್ ಬೇಕು?”

ಇಲ್ಲ ಅಂತ ಹೇಳಬೇಕಿತ್ತು. ಆದರೆ ಅವಳು ಹೇಳಿದ್ದು ನಿಜ. ಬಾಡೂಟದಲ್ಲಿ ಉಂಡು ಹೊಗಳಿದವರ ಸಾಲಿನಲ್ಲಿ ನಾನೇ ಮೊದಲು ಕುಳಿತಿದ್ದೆ. ಏನು ಹೇಳಿದರೂ ಪಾಠದ ಹಾಗಾಗುತ್ತದೆ ಅನ್ನಿಸಿ ಫೋನ್ ತೆಗೆದು, ಅವಳ ಎದುರಿಗೇ ನಮ್ಮ ಹೆಡ್ ಮೇಡಂಗೆ ಮಾಡಿದೆ. ನಾಳಿದ್ದು ಒಂದು ದಿನ ರಜ ಬೇಕು ಅಂದೆ. ಯಾಕೆ, ತಂಗಿಯ ಥೈರಾಯ್ಡ್ ಜಾಸ್ತಿಯಾಯಿತಾ ಅಂತ ಅವರು ಕೇಳಿದರು.

“ಥೈರಾಯ್ಡ್ ಅಲ್ಲ ಮೇಡಂ, ನಾನು ಸುಳ್ಳು ಹೇಳಿದ್ದೆ,” ಅಂದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. “ಅವಳಿಗೆ ಬೈಪೋಲಾರ್ ಅಂತ ಮನಸ್ಸಿನ ಕಾಯಿಲೆ. ಮಾತ್ರೆ ತಗೋತಾಳೆ. ನಾಳಿದ್ದು ಅವಳ ಜೊತೆ ಡಾಕ್ಟರ ಹತ್ತಿರ ಹೋಗಬೇಕು. ಈಗ ಹೇಗಿದ್ದಾಳೆ ಅಂದರೆ, ಆರಾಮಾಗಿದ್ದಾಳೆ. ನನಗೆ ಅವಳು ಹೀಗೇ ಬೇಕು.”

ಫೋನಿಟ್ಟಾಗ ತಂಗಿ ನನ್ನನ್ನೇ ನೋಡುತ್ತಿದ್ದಳು. ಕೈಚಾಚಿ ಮಾತ್ರೆಯ ಹಾಳೆ ಇಸಿದುಕೊಂಡು ಒಂದು ಮಾತ್ರೆ ಬಿಡಿಸಿದಳು. ಬಿಟ್ಟುಹೋದದ್ದನ್ನೆಲ್ಲ ಒಟ್ಟಿಗೆ ನುಂಗಬಾರದು ಎಂದು ಡಾಕ್ಟರಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. ನೀರು ಕುಡಿದು, ನಡುಗುವ ಬೆರಳಲ್ಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

“ಡೈರಿ ತಾವ ಕೇಳ್ತಾರಲ್ಲ,” ಅಂದಳು, “ಅವ್ರಿಗೂ ಇಂಗೇ ಹೇಳ್ತೀಯೇನಕ್ಕ?”

ಸಂಜೆ ಹಾಲು ಹಾಕುವ ಹೊತ್ತಿಗೆ ಕ್ಯಾನು ಹಿಡಿದು ನಾನೂ ಅವಳ ಜೊತೆ ಹೊರಟೆ.