ಊರುಗೋಲು ಇಲ್ಲದ ಪುಟಗಳು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಅಚ್ಚುಕೂಟದಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಭೂತಗನ್ನಡಿ. ಹದಿನಾರನೇ ವಯಸ್ಸಿಗೆ ಕಾಗದ ಮಡಿಸುವ ಕೆಲಸಕ್ಕೆ ಸೇರಿದವಳು, ಹೊಲಿಗೆ, ಅಂಟು, ಕತ್ತರಿ ಎಲ್ಲ ದಾಟಿ, ಐವತ್ತೆಂಟರ ಹೊತ್ತಿಗೆ ಶೀಟು ನೋಡುವವಳಾಗಿ ಕಿಟಕಿ ಪಕ್ಕದ ಮೇಜು ಹಿಡಿದಿದ್ದಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಗಾಜು. ಮೆಷಿನ್ನಿನಿಂದ ಹಸಿಹಸಿ ಶೀಟು ಬಂತೆಂದರೆ ಗಾಜು ಇಟ್ಟು, ಬಗ್ಗಿ, ಉಸಿರು ಹಿಡಿದು ನೋಡುವಳು. ಸಾಸಿವೆಯಷ್ಟು ಮಸಿ ಹೆಚ್ಚು ಬಿದ್ದಿದ್ದರೂ ಮೆಷಿನ್ನು ನಿಲ್ಲಲೇಬೇಕು.

“ಅಕ್ಕಾ, ಮದುವೆ ದಿನ ಭಾವನ ಮುಖದ ಮೇಲೂ ಗಾಜು ಇಟ್ಟು ನೋಡಿದ್ಯಾ?” ಎಂದು ಮೆಷಿನ್ನಿನವನು ಕೆಣಕುವನು.

“ನೋಡಿದ್ದಿದ್ರೆ ವಾಪಸ್ ಕಳಿಸ್ತಿದ್ದೆ ಕಣೋ. ಎರಡು ಕಡೆ ಮಸಿ ಜಾಸ್ತಿಯಾಗಿತ್ತು.”

ಇಂಥವಳ ಕಣ್ಣು ಒಂದೇ ಒಂದು ಸಲ ತಪ್ಪಿತು. ತಪ್ಪಿದ್ದು ಒಂದು ಮಕ್ಕಳ ಪುಸ್ತಕದಲ್ಲಿ.

ಇಬ್ಬರು ಗೆಳತಿಯರ ಕತೆ ಅದು. ಒಬ್ಬಳು ಕಂಕುಳಿಗೆ ಎರಡು ಊರುಗೋಲು ಕೊಟ್ಟು ನಡೆಯುವವಳು, ಇನ್ನೊಬ್ಬಳು ಬೇರೆ ಮಾತಿನ ಮನೆಯವಳು. ತಪ್ಪಿಸಿಕೊಂಡ ಆಡಿನ ಮರಿಯನ್ನು ಹುಡುಕುತ್ತ ಇಬ್ಬರೂ ಅಗಲವಾದ ಮರದ ಸೇತುವೆ ದಾಟಿ ಹೋಗುತ್ತಾರೆ. ಪುಸ್ತಕವನ್ನು ಈ ಕಡೆಯಿಂದ ತೆರೆದರೆ ಒಂದು ಭಾಷೆ, ಮಗುಚಿ ಆ ಕಡೆಯಿಂದ ತೆರೆದರೆ ಇನ್ನೊಂದು. ಚಿತ್ರ ಎರಡೂ ಕಡೆ ಅವೇ. ಊರುಗೋಲಿನ ಹುಡುಗಿಗೆ ಮಾದರಿ ಭೂತಗನ್ನಡಿಯ ಎಂಟು ವರ್ಷದ ಮೊಮ್ಮಗಳೇ. ಹುಟ್ಟಿದಾಗಿನಿಂದ ಬಲಗಾಲಿನಲ್ಲಿ ಕಸುವಿಲ್ಲದ ಆ ಮಗು ಓಡಾಡಿದರೆ ಮನೆ ತುಂಬ ಟಕ್ ಟಕ್ ಎನ್ನುವುದು. ಅದಕ್ಕೇ ಎಲ್ಲರೂ ಅವಳನ್ನು ಟಕಟಕಿ ಎಂದು ಕರೆಯುತ್ತಿದ್ದರು. ಚಿತ್ರ ಬರೆಯುವವರು ಮನೆಗೇ ಬಂದು, ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆದುಕೊಂಡು ಹೋಗಿದ್ದರು.

ತಪ್ಪು ನಡೆದದ್ದು ಹೀಗೆ. ಬಣ್ಣದ ಪುಸ್ತಕಕ್ಕೆ ಪುಟವೊಂದಕ್ಕೆ ನಾಲ್ಕು ಪ್ಲೇಟು. ಮೂರು ಬಣ್ಣಕ್ಕೆ, ಒಂದು ಕಪ್ಪಿಗೆ. ಅಕ್ಷರವೆಲ್ಲ ಕಪ್ಪು ಪ್ಲೇಟಿನಲ್ಲಿ. ಭಾಷೆ ಬದಲಾದಾಗ ಬಣ್ಣದ ಪ್ಲೇಟು ಮೂರನ್ನೂ ಹಾಗೇ ಇಟ್ಟು ಕಪ್ಪನ್ನು ಮಾತ್ರ ತೆಗೆದು ಹೊಸದು ಹಾಕುತ್ತಾರೆ. ಚಿತ್ರ ಬರೆದವರೋ, ಮುಖ, ಬಟ್ಟೆ, ಮರ, ನೀರು ಎಲ್ಲವನ್ನೂ ಬಣ್ಣದಲ್ಲಿ ತಿದ್ದಿ, ಆ ಊರುಗೋಲು ಎರಡನ್ನು ಮಾತ್ರ ಅಚ್ಚ ಕಪ್ಪಿನಲ್ಲಿ ಎಳೆದಿದ್ದರು. ಹಳೇ ಕಪ್ಪು ಪ್ಲೇಟಿನ ಜೊತೆ ಊರುಗೋಲೂ ಎದ್ದು ಹೋದವು. ಹೊಸದರಲ್ಲಿ ಬರೀ ಅಕ್ಷರ.

ಭೂತಗನ್ನಡಿಗೆ ಆ ಭಾಷೆ ಓದಲು ಬರುತ್ತಿರಲಿಲ್ಲ. ಬಾರದ ಭಾಷೆಯಲ್ಲಿ ಒಂದು ಕೊಂಬೂ ಮುರಿಯಬಾರದು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದಳು. ಚಿತ್ರದ ಮೇಲೆ ಗಾಜು ಇಡಲೇ ಇಲ್ಲ. ಚಿತ್ರವನ್ನು ಮೊದಲ ಭಾಷೆಯ ಪುಟಗಳಲ್ಲೇ ನೋಡಿದ್ದಾಗಿತ್ತಲ್ಲ? ಅವಳು ನೋಡಿದ್ದಾಳೆಂದ ಮೇಲೆ ಇನ್ನು ಯಾರು ನೋಡುತ್ತಾರೆ!

ಶುಕ್ರವಾರ ಸಂಜೆ ಮೊದಲ ಪ್ರತಿಯನ್ನು ಎದೆಗೆ ಅವುಚಿಕೊಂಡು ತಂದು ಮೊಮ್ಮಗಳ ತೊಡೆಯ ಮೇಲಿಟ್ಟಳು. ಟಕಟಕಿ ಅದನ್ನು ಬಿಡಲಿಲ್ಲ. ಕಾಲುವೆಯಾಚೆ ಮನೆಯ ಗೆಳತಿ ಬಂದು ಆ ಕಡೆಯ ಪುಟಗಳನ್ನು ಓದಿ ಹೇಳಿದಳು. ಇವಳ ಮಾತು ಅವಳಿಗೆ ಅರ್ಧ, ಅವಳ ಮಾತು ಇವಳಿಗೆ ಅರ್ಧ, ಆದರೂ ಇಬ್ಬರ ಗಲಾಟೆ ಮಾತ್ರ ಪೂರ್ತಿ.

ಶನಿವಾರ ಬೆಳಿಗ್ಗೆ ಅಜ್ಜಿ ಡಬ್ಬಿ ಕಟ್ಟಿಕೊಳ್ಳುತ್ತಿದ್ದಾಗ ಟಕಟಕಿ ಬಾಗಿಲಿಗೆ ಒರಗಿ ನಿಂತಳು.

“ಅಜ್ಜಿ, ಅಚ್ಚಾಗಿರೋದು ಸುಳ್ಳಾಗಲ್ಲ ಅಂತೀಯಲ್ಲ ನೀನು?”

“ನಾನು ನೋಡಿ ಬಿಟ್ಟಿದ್ದು ಅಂದ್ರೆ ಸುಳ್ಳಾಗಲ್ಲ.”

“ಹಾಗಾದ್ರೆ ಆ ಕಡೆ ಹೋದ್ರೆ ಕೋಲು ಬೇಡ, ಅಲ್ವಾ?”

ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಅಜ್ಜಿ ಮುಚ್ಚಳವನ್ನು ಗುದ್ದುತ್ತ “ಹೂಂ” ಎಂದಳು. ಕತೆ ಕೇಳುವವರು ನಿದ್ದೆಗಣ್ಣಿನಲ್ಲಿ ಹೂಂಗುಡುತ್ತಾರಲ್ಲ, ಅಂಥ ಹೂಂ. ಆದರೆ ಮಗುವಿಗೆ ಹೂಂ ಎಂದರೆ ಹೂಂ.

ಮಧ್ಯಾಹ್ನ ಒಂದರ ಹೊತ್ತಿಗೆ ಮೆಷಿನ್ನಿನವನು ಕೆಟ್ಟುಹೋದ ಶೀಟೊಂದನ್ನು ಮುದ್ದೆ ಮಾಡಿ ಗ್ರೀಸು ಒರೆಸುತ್ತಿದ್ದ. ಒರೆಸುತ್ತಲೇ ನಕ್ಕ.

“ಅಕ್ಕಾ, ನಿನ್ನ ಮೊಮ್ಮಗಳು ಇಲ್ಲಿ ಗಾಳಿಯನ್ನೇ ಹಿಡ್ಕೊಂಡು ನಿಂತಿದಾಳೆ ನೋಡು.”

ಅವಳು ಶೀಟು ಕಿತ್ತುಕೊಂಡು ಮೇಜಿನ ಮೇಲೆ ಹರಡಿದಳು. ಗಾಜು ಬೇಕಾಗಲೇ ಇಲ್ಲ. ಸೇತುವೆಯ ಮೇಲೆ ಹುಡುಗಿ, ಎರಡೂ ಮುಷ್ಟಿ ಬಿಗಿ, ಮುಷ್ಟಿಯೊಳಗೆ ಏನೂ ಇಲ್ಲ. ಮುಂದಿನ ಪುಟದಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಗೆಳತಿ ಮುಂದೆ ಮುಂದೆ, ಇವಳು ಬರಿಗೈಯಲ್ಲಿ ಹಿಂದೆ ಹಿಂದೆ.

ಮೊದಲು ಅವಮಾನದಿಂದ ಕಿವಿ ಬಿಸಿಯಾಯಿತು. ಆಮೇಲೆ ಬೆಳಗಿನ ಮಾತು ಕಿವಿಗೆ ಬಂತು. ಮಗು ಹೇಳಿದ ‘ಆ ಕಡೆ’ ಬರೀ ಪುಸ್ತಕದ್ದಲ್ಲ.

ಮನೆಯ ಹಿಂದೆ ಕಾಲುವೆ. ಅದರ ಮೇಲೆ ನೀರಿನವರು ಓಡಾಡಲು ಹಾಕಿದ ಒಂದೇ ಒಂದು ಕಬ್ಬಿಣದ ಹಲಗೆ, ಒಂದೂವರೆ ಗೇಣು ಅಗಲ. ಎರಡು ಕೋಲಿಗೆ ಅಲ್ಲಿ ಜಾಗವಿಲ್ಲ. ಅದಕ್ಕೇ ಟಕಟಕಿ ಗೆಳತಿಯ ಮನೆಗೆ ರಸ್ತೆ ಸುತ್ತಿಕೊಂಡೇ ಹೋಗಬೇಕಿತ್ತು. ಶನಿವಾರ ಬೇರೆ, ಮೇಲಿನ ತೂಬು ಎತ್ತಿ ನೀರು ಬಿಡುವ ದಿನ.

ಮನೆಗೆ ಫೋನು ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಸತ್ತ ಹಾಗೆ ಮಲಗಿರುವ ಹೊತ್ತು. ಮಗ ಲಾರಿ ಮೇಲೆ ಹೋಗಿ ಎರಡು ದಿನವಾಗಿತ್ತು.

“ಗಾಡಿ ತೆಗಿಯೋ!” ಎಂದು ಕೂಗಿದಳು. ಮೆಷಿನ್ನಿನವನು ಯಾಕೆ ಎಂದು ಕೇಳದೆ ಸ್ಕೂಟರು ತೆಗೆದ.

ದಾರಿಯಲ್ಲಿ ಸಿಗ್ನಲ್ಲು ಕೆಂಪಾಯಿತು. ಹಸಿರಾಗುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ಕೆಂಪಾಗೇ ಇತ್ತು.

ಮನೆಯ ಹಿತ್ತಿಲ ಬಾಗಿಲು ತೆರೆದಿತ್ತು. ಕಾಲುವೆಯ ಅಂಚಿನಲ್ಲಿ ಊರುಗೋಲು ಎರಡನ್ನೂ ಚಪ್ಪಲಿ ಬಿಟ್ಟ ಹಾಗೆ ಜೋಡಿಸಿ ಇಟ್ಟಿತ್ತು. ಟಕಟಕಿ ಹಲಗೆಯ ನಟ್ಟನಡುವೆ ನಿಂತಿದ್ದಳು. ಮುಷ್ಟಿ ಎರಡೂ ಬಿಗಿ. ಬಲಗಾಲು ನಡುಗುತ್ತಿತ್ತು. ಆಚೆ ಮನೆಯ ಹುಡುಗಿ ನಾಲ್ಕು ಹೆಜ್ಜೆ ಮುಂದೆ, ಹಿಮ್ಮುಖವಾಗಿ ನಡೆಯುತ್ತ, ಪುಸ್ತಕವನ್ನು ಇವಳಿಗೆ ಕಾಣುವ ಹಾಗೆ ಹಿಡಿದು ಆ ಭಾಷೆಯಲ್ಲಿ ಜೋರಾಗಿ ಬಾಯಿಪಾಠ ಹೇಳುತ್ತಿದ್ದಳು. ಕೆಳಗೆ ನೀರು ಕೆಂಪಗೆ, ಸದ್ದಿಲ್ಲದೆ ಏರುತ್ತಿತ್ತು.

ಕೂಗಿದರೆ ತಿರುಗುತ್ತಾಳೆ, ತಿರುಗಿದರೆ ಬೀಳುತ್ತಾಳೆ. ಮೆಷಿನ್ನಿನವನು ಹಲಗೆಯ ಮೇಲೆ ಕಾಲಿಡಲು ಹೋದಾಗ ಅದು ಅದುರಿತು. ಅವನನ್ನು ಹಿಂದಕ್ಕೆ ದಬ್ಬಿ, ಭೂತಗನ್ನಡಿ ಅಂಚಿನಲ್ಲೇ ಕೂತಳು. ಹಾಸಿಗೆಯ ಬದಿಯಲ್ಲಿ ಕೂತ ಹಾಗೆ, ಮೆತ್ತಗೆ ಕೇಳಿದಳು.

“ಮುಂದೇನಾಯ್ತೇ?”

“ತಿರುಗಲ್ಲ ಅಜ್ಜಿ, ಬೀಳ್ತೀನಿ. ನಾನು ಆ ಕಡೆ ಪುಟದಲ್ಲಿದೀನಿ.”

“ತಿರುಗಬೇಡ. ಆ ಪುಟದಲ್ಲಿ ಹುಡುಗಿ ಮೆಲ್ಲಗೆ ಕೂತ್ಕೋತಾಳೆ, ಎರಡೂ ಕಡೆ ಕಾಲು ಇಳಿಬಿಟ್ಟು.”

“ಇಲ್ಲಪ್ಪ. ನಡೀತಾಳೆ. ಅಚ್ಚಾಗಿದೆ.”

ನಲವತ್ತೆರಡು ವರ್ಷದ ದುಡಿಮೆಯಲ್ಲಿ ಅವಳು ಬೇರೆಯವರ ತಪ್ಪು ಹಿಡಿದಿದ್ದಳು. ಈಗ ತನ್ನದನ್ನು ಹೇಳಬೇಕಿತ್ತು.

“ಪುಸ್ತಕ ತಪ್ಪು ಕಂದಾ. ಕೋಲು ಅಲ್ಲೂ ಇರಬೇಕಿತ್ತು. ಅಳಿಸಿಹೋಗಿದೆ. ನಾನು ನೋಡಲಿಲ್ಲ.”

“ನೀನು ನೋಡಲಿಲ್ವಾ?”

“ನೋಡಲಿಲ್ಲ. ಬೆಳಿಗ್ಗೆ ನೀನು ಕೇಳಿದ್ದೂ ಕೇಳಿಸಿಕೊಳ್ಳಲಿಲ್ಲ. ಸುಮ್ಮನೆ ಹೂಂ ಅಂದೆ.”

ಮಗುವಿನ ಬೆನ್ನು ಸಣ್ಣಗೆ ಕುಗ್ಗಿತು. ಆಚೆ ಮನೆಯ ಹುಡುಗಿಗೆ ಮಾತು ಅರ್ಧ ಅರ್ಥವಾಯಿತು, ಅಜ್ಜಿಯ ಮುಖ ಪೂರ್ತಿ ಅರ್ಥವಾಯಿತು. ಅವಳು ಪುಸ್ತಕವನ್ನು ಕೈಬಿಟ್ಟು, ಮುಂದೆ ಬಂದು, ತಾನೇ ಮೊದಲು ಹಲಗೆಯ ಮೇಲೆ ಕುಕ್ಕರಿಸಿ ಎರಡೂ ಕೈ ಚಾಚಿದಳು. ಟಕಟಕಿ ಆ ಕೈ ಹಿಡಿದು ಮೆಲ್ಲಗೆ ಕೂರತೊಡಗಿದಳು. ಬಲಗಾಲು ಜಾರಿತು. ಹಲಗೆ ಒಮ್ಮೆ ಝಣ್ಣೆಂದಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಹಲಗೆಗೆ ಅಂಟಿಕೊಂಡರು. ಅಜ್ಜಿ ಕೂತೇ ಸರಿಯುತ್ತ ಸರಿಯುತ್ತ ಹೋಗಿ ಮೊಮ್ಮಗಳ ಲಂಗದ ತುದಿ ಹಿಡಿದು, ಇಬ್ಬರನ್ನೂ ಗೇಣು ಗೇಣಾಗಿ ಹಿಂದಕ್ಕೆ ಎಳೆದುಕೊಂಡು ಬಂದಳು. ಆಗಲೇ ಇಳಿಬಿಟ್ಟ ಪಾದಗಳಿಗೆ ನೀರು ತಾಗುತ್ತಿತ್ತು.

ದಡದಲ್ಲಿ ಯಾರೂ ಅಳಲಿಲ್ಲ. ಟಕಟಕಿಯೇ ಮೊದಲು ಮಾತಾಡಿದ್ದು.

“ಅಜ್ಜಿ, ಇದೊಂದೇ ಪುಸ್ತಕ ತಪ್ಪಾ? ಎಲ್ಲಾನೂ ತಪ್ಪಾ?”

ಭೂತಗನ್ನಡಿ ಚೀಲದಿಂದ ಫೋನು ತೆಗೆದಳು. ಅಚ್ಚುಕೂಟದ ಯಜಮಾನರಿಗೆ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

“ಪುಸ್ತಕದ ಕಟ್ಟುಗಳು ಎಲ್ಲಿವೆ ಸಾರ್?”

“ಬೆಳಿಗ್ಗೆ ಎಂಟಕ್ಕೇ ವ್ಯಾನು ಸ್ಕೂಲಿಗೆ ಹೋಯ್ತಲ್ಲಮ್ಮ. ಹಂಚಿದ್ದೂ ಆಯ್ತಂತೆ. ಮಕ್ಕಳೆಲ್ಲ ಪುಸ್ತಕ ಎತ್ಕೊಂಡೇ ಮನೆಗೆ ಹೋಗಿದಾರೆ.”

“ಆ ಸ್ಕೂಲಲ್ಲಿ ಕೋಲು ಹಿಡಿದು ನಡೆಯೋ ಮಕ್ಕಳು ಇದಾರಾ?”



“ಅಂಥ ಮಕ್ಕಳ ಸ್ಕೂಲೇ ಅದು. ಪುಸ್ತಕ ಮಾಡಿಸಿದ್ದೇ ಅವರಿಗೆ ಅಂತ ಅಲ್ವಾ?”

ಅವಳು ಮೊಮ್ಮಗಳನ್ನು ಒಳಗೆ ಕರೆದೊಯ್ದು, ಸೊಸೆಯನ್ನು ಅಲುಗಾಡಿಸಿ ಎಬ್ಬಿಸಿ, ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಹೊರಗೆ ಬಂದಾಗ ಮೆಷಿನ್ನಿನವನು ಸ್ಕೂಟರನ್ನು ಆಗಲೇ ತಿರುಗಿಸಿ ನಿಂತಿದ್ದ.

“ಎಷ್ಟು ಮನೆ ಸುತ್ತಬೇಕು ಅಕ್ಕಾ?”

“ಗೊತ್ತಿಲ್ಲ. ನೀನು ನಡಿ.”