ಟೊಪ್ಪಿಗೆಯೊಳಗಿನ ಊರು

ತಂಗಿಯ ಮಗಳು ಮೊನ್ನೆ ವಿಯೆಟ್ನಾಂ ನೋಡಿಕೊಂಡು ಬಂದಳು. ನನಗೆಂದು ತಂದದ್ದು ಒಣಗರಿಯ ಒಂದು ಟೊಪ್ಪಿಗೆ, ಮಗುಚಿಟ್ಟ ಆಲಿಕೆಯ ಹಾಗೆ ಚೂಪು ತುದಿಯದು. ಕೈಗೆ ಬಂದದ್ದೇ ತಡ, ನಾನದನ್ನು ತಲೆಗಿಡದೆ ಮೂಗಿಗೆ ಹಿಡಿದೆ. ಹೊಸ ಗರಿಯ ವಾಸನೆ, ಅಷ್ಟೇ. ನಾನು ಹುಡುಕಿದ್ದು ಒಲೆಯ ಹೊಗೆಯನ್ನು, ಬಿಸಿ ಜೋಳದ ರೊಟ್ಟಿಯ ಹಬೆಯನ್ನು... ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಮದುರ್ಗದ ಶಾಲೆಯಲ್ಲಿ ನನಗೆ ಮೊದಲ ನೌಕರಿ, ಹೊಳೆಗೆ ಇಳಿಯುವ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ಮದುವೆಯಾಗದ ಹೆಣ್ಣು ಒಬ್ಬಳೇ ಇದ್ದಾಳೆಂದರೆ ಓಣಿಗೆಲ್ಲ ಕೈತುಂಬ ಕೆಲಸ. ನನ್ನ ಬಗ್ಗೆ ಮಾತಾಡುವವರು ಬಹಳ ಜನ, ನನ್ನೊಡನೆ ಮಾತಾಡುವವರು ಯಾರೂ ಇಲ್ಲ. ಪಕ್ಕದ ಮನೆಯ ಮಿಲಿಟ್ರಿ ಕಾಕಾ ಒಬ್ಬರೇ ಬೇರೆ. ಫೌಜಿನಿಂದ ನಿವೃತ್ತರಾಗಿ ಬಂದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗೋಡೆಗೆ ಬುದ್ಧನ ಪಟ, ಪಡಸಾಲೆಯಲ್ಲಿ ರೇಡಿಯೋ, ಒಳಗೆ ಕಟ್ಟಿಗೆಯ ಒಲೆ. ಬೆಳಗಾದರೆ ಅವರು ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಯಿಂದ ಕೇಳುತ್ತಿತ್ತು. ಗಂಡಸು ರೊಟ್ಟಿ ಬಡಿಯುತ್ತಾನೆಂದು ಓಣಿ ನಗುತ್ತಿತ್ತು. ಬೇಸಿಗೆಯ ಕೆರೆಯಂತೆ ಬಿರಿಯುತ್ತಿದ್ದ ನನ್ನ ರೊಟ್ಟಿ ನೋಡಿದ್ದರೆ ಇನ್ನೂ ನಗುತ್ತಿತ್ತೇನೋ. ಕಾಕಾ ನಗದೆ ತಮ್ಮವೇ ಎರಡು ರೊಟ್ಟಿ ಕಳಿಸುತ್ತಿದ್ದರು.

ಸಂಜೆ ವಾರ್ತೆಯಲ್ಲಿ ವಿಯೆಟ್ನಾಮಿನ ಯುದ್ಧದ ಸುದ್ದಿ ಬಂದರೆ ಅವರ ರೇಡಿಯೋದ ದನಿ ಏರುತ್ತಿತ್ತು. ಹಿಂದೊಮ್ಮೆ ಅಲ್ಲಿ ಕದನ ನಿಂತಾಗ, ಒಪ್ಪಂದ ಮುರಿಯದಂತೆ ನೋಡಿಕೊಳ್ಳಲು ನಮ್ಮ ದೇಶದಿಂದ ಹೋದವರಲ್ಲಿ ಅವರೂ ಇದ್ದರು. ಆಗ ಅವರು ಮನಸ್ಸು ಬಿಟ್ಟುಬಂದ ಊರು ಹುವೆ, ಅಲ್ಲಿಯ ದೊರೆಗಳ ಹಳೆಯ ರಾಜಧಾನಿ. ನನಗೆ ಆ ಊರನ್ನು ಮನೆಮನೆ ತೋರಿಸಿದಂತೆ ಹೇಳುತ್ತಿದ್ದರು. ಕೋಟೆಯ ಸುತ್ತ ಕಮಲ ತುಂಬಿದ ಕಂದಕ. ಬದುಕಿದ್ದಾಗಲೇ ತಮ್ಮ ಸಮಾಧಿಗೆ ತೋಟ, ಕೊಳ, ಮಂಟಪ ಕಟ್ಟಿಸಿಕೊಂಡು ಅಲ್ಲೇ ಗಾಳಿಗೆ ಕೂತಿರುತ್ತಿದ್ದ ರಾಜರು. ಹೂವು ಉದುರಿ ನೀರೆಲ್ಲ ಘಮಘಮಿಸುತ್ತದೆಂದು ಸುಗಂಧದ ಹೆಸರು ಪಡೆದ ಹೊಳೆ, ಅದರ ದಂಡೆಗೆ ಬುದ್ಧನ ಗುಡಿಯ ಏಳಂತಸ್ತಿನ ಗೋಪುರ. ಅರಮನೆಯ ಹೆಬ್ಬಾಗಿಲಲ್ಲಿ ನಡುವಿನ ದಾರಿ ರಾಜನಿಗೆ ಮಾತ್ರವಂತೆ. ತಡೆಯುವವರು ಯಾರೂ ಉಳಿದಿರಲಿಲ್ಲ, ತಾವು ಅದರಲ್ಲೇ ಹೋಗಿ ಬಂದೆವೆಂದು ಹೇಳಿ ನಗುತ್ತಿದ್ದರು. ತಮ್ಮೂರ ಗುಡಿಯ ಹೊಸ್ತಿಲು ಅವರು ದಾಟಿರಲಿಲ್ಲ, ದಾಟಗೊಟ್ಟಿರಲಿಲ್ಲ. ಅದು ಗೊತ್ತಿದ್ದ ನನಗೆ ನಗು ಬರುತ್ತಿರಲಿಲ್ಲ.

ಶಾಲೆಯ ಮಕ್ಕಳನ್ನು ತೊರಗಲ್ ಕೋಟೆಗೆ ಕರೆದೊಯ್ದಾಗ ಅವರನ್ನೂ ಕರೆದೆವು. ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಅವರು ನೋಡುತ್ತಿದ್ದದ್ದು ತೊರಗಲ್ಲನ್ನಲ್ಲ ಎಂದು ನನಗಷ್ಟೇ ಗೊತ್ತಾಯಿತು.

ಒಂದು ಭಾನುವಾರ ಅವರ ರೊಟ್ಟಿ ಬುಟ್ಟಿಯ ಮುಚ್ಚಳ ನೋಡಿ, ಇದೆಂಥದೆಂದು ಕೇಳಿದೆ. ಹೊಗೆ ಕುಡಿದು ಕರ್ರಗಾದ, ಚೂಪು ತುದಿಯ ಗರಿ ಮುಚ್ಚಳ.

"ಮುಚ್ಚಳ ಅಲ್ರಿ ಅಕ್ಕೋರ, ಟೊಪ್ಪಿಗಿ. ಅದರಾಗ ಒಂದು ಊರ ಐತಿ. ಬಿಸಲಿಗೆ ಹಿಡಿದ್ರ ಕಾಣತೈತಿ."

ಹುವೆಯ ಕುಶಲಕರ್ಮಿಗಳು ಎರಡು ಪದರ ಗರಿಯ ನಡುವೆ ಹೊಳೆ, ದೋಣಿ, ಗೋಪುರಗಳನ್ನು ಕಾಗದದಲ್ಲಿ ಕತ್ತರಿಸಿ ಕೂಡಿಸುತ್ತಾರಂತೆ. ಕೈಯಲ್ಲಿದ್ದಾಗ ಬರೀ ಟೊಪ್ಪಿಗೆ, ಸೂರ್ಯನಿಗೆ ಹಿಡಿದರೆ ಮಾತ್ರ ಚಿತ್ರ. ಹೆಂಡತಿಗೆ ತೋರಿಸಬೇಕೆಂದೇ ತಂದಿದ್ದರು. ಆದರೆ ಪರದೇಶದಿಂದ ತಂದ ವಸ್ತು ಮೊದಲು ತಾಯಿಯ ಕೈಗೆ ಕೊಡುವುದು ಆ ಮನೆಯ ರೂಢಿ. ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರೊಟ್ಟಿ ಬುಟ್ಟಿಗೆ ಹೇಳಿ ಮಾಡಿಸಿದಂತಿದೆ ಎಂದು ಸೊಸೆಗೆ ಕೊಟ್ಟರು. ಹಗಲು ಹೊತ್ತು ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ರಾತ್ರಿ ಮಾತಾಡಬಹುದು, ಆದರೆ ಚಿಮಣಿಯ ಬೆಳಕಿಗೆ ಆ ಚಿತ್ರ ಕಾಣುವುದಿಲ್ಲ. ಬಾಯಲ್ಲಿ ಹೇಳಲು ಅವರಿಗೆ ಮನಸ್ಸಿಲ್ಲ. ಊರು ಕಂಡಾಗ ಆಕೆಯ ಮುಖ ನೋಡಬೇಕಿತ್ತು. ಈ ರಜೆಯಲ್ಲ, ಮುಂದಿನ ರಜೆ ಎಂದುಕೊಳ್ಳುತ್ತ ವರ್ಷಗಳು ಹೋದವು. ನೌಕರಿ ಮುಗಿಯುವ ಮೊದಲೇ ಆಕೆ ಹೋದರು. ಆಮೇಲೆ ಅದನ್ನು ಬಿಸಿಲಿಗೆ ಹಿಡಿದು ನೋಡುವ ಮನಸ್ಸು ಕಾಕಾನಿಗೂ ಆಗಲಿಲ್ಲ.

ಅಂದು ನನಗಾಗಿ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದರು. ಏನೂ ಕಾಣಲಿಲ್ಲ. "ಪಾಪ, ಆಕಿಗೇನ ಗೊತ್ತು... ಒಲಿ ಮುಂದ ಇಟ್ಟ ಇಟ್ಟ ಕರ್ರಗ ಮಾಡ್ಯಾಳ" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳಲು ಸುಲಭವಾಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಯರಗಟ್ಟಿಯಿಂದ ಅವರ ವೈನಿ, ಅಣ್ಣನ ಹೆಂಡತಿ, ನಾಲ್ಕು ದಿನ ಇರಲು ಬಂದರು. ನಾನೂ ಅಲ್ಲೇ ಕೂತಿದ್ದೆ, ಕಾಕಾ ಒಲೆಯ ಮುಂದಿದ್ದರು. ವೈನಿ ಮುಚ್ಚಳ ನೋಡಿದವರೇ ಗದರಿದರು.

"ಇದ್ಯಾಕೋ ಹಿಂಗ ಕರ್ರಗಾತು? ಆಕಿ ಇರೂಮಟಾ ಇದಕ್ಕ ಹೊಗಿ ಸುಳಿಗೊಟ್ಟಿಲ್ಲ."

ಕಾಕಾ ತಿರುಗಿ ನೋಡಿದರು. ವೈನಿ ಹೇಳುತ್ತ ಹೋದರು. ಆಕೆ ಉಣ್ಣುವ ಹೊತ್ತಿಗಷ್ಟೇ ಅದನ್ನು ಬುಟ್ಟಿಗೆ ಮುಚ್ಚುತ್ತಿದ್ದರಂತೆ, ಉಳಿದಂತೆ ಹಿತ್ತಲ ಗೂಟಕ್ಕೆ. ಮೆಣಸಿನಕಾಯಿ ಒಣಹಾಕುವ ನೆವದಿಂದ ಹೋಗಿ, ಅತ್ತೆ ಕಾಣದಂತೆ, ಅದನ್ನು ಸೂರ್ಯನಿಗೆ ಹಿಡಿದು ನಿಲ್ಲುತ್ತಿದ್ದರಂತೆ. ಒಮ್ಮೆ ವೈನಿಯ ಕೈಗೆ ಸಿಕ್ಕಿಬಿದ್ದಾಗ ಅವರಿಗೂ ತೋರಿಸಿ, ಆಣೆ ಹಾಕಿಸಿಕೊಂಡರಂತೆ.

"'ಅವರು ತಾವಾಗೇ ತೋರಸ್ತಾರ, ಅಕ್ಕಾ. ಅಲ್ಲೀಮಟಾ ನಾ ನೋಡೇನಿ ಅಂತ ಹೇಳಬ್ಯಾಡ್ರಿ' ಅಂದ್ಲು." ವೈನಿ ಸೆರಗಿನಿಂದ ಮುಚ್ಚಳ ಒರೆಸುತ್ತಿದ್ದರು. "ನೀ ತೋರಿಸಿರಬೇಕು ಅನಕೊಂಡಿದ್ನಿ."

ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದರೂ ಯಾರೂ ತೆಗೆಯಲಿಲ್ಲ. ಟೊಪ್ಪಿಗೆಯನ್ನು ಕರ್ರಗೆ ಮಾಡಿದ್ದು ಆಕೆಯಲ್ಲ. ಆಕೆ ಹೋದ ಮೇಲೆ ಈ ಒಲೆಯ ಮುಂದೆ ಒಬ್ಬರೇ ಕೂತು ಬೇಯಿಸಿಕೊಂಡ ಕಾಕಾನ ಹೊಗೆ ಅದು. ಕೊನೆಗೆ ಸುಟ್ಟ ರೊಟ್ಟಿಯನ್ನು ಇಳಿಸುತ್ತ ಅವರು ಅಂದರು:

"ಇಬ್ಬರೂ ಒಂದ ಊರ ನೋಡೇವಿ, ವೈನಿ. ಬ್ಯಾರೆ ಬ್ಯಾರೆ ನಿಂತು."

ಮರುದಿನ ಹಸಿ ಬಟ್ಟೆಯಿಂದ ಒರೆಸಲು ಹೋದರು. ಗರಿ ಪುಡಿಯಾಗಿ ಉದುರತೊಡಗಿತು, ಕೈ ತೆಗೆದರು. ಅದನ್ನು ಹಿತ್ತಲ ಗೂಟಕ್ಕೇ ಒಯ್ದು ತೂಗುಹಾಕಿದರು. ಆಮೇಲೆ ರೇಡಿಯೋದಲ್ಲಿ ಹುವೆಯ ಹೆಸರು ಬಂದರೂ ದನಿ ಏರಿಸುತ್ತಿರಲಿಲ್ಲ... ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಹೊರಟ ದಿನ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಬಹಳ ತಡವಾಗಿ. ಹೋಗಿ ನೋಡಿದರೆ ಮನೆಯಲ್ಲಿ ಬೇರೆಯವರಿದ್ದರು, ಹಿತ್ತಲಲ್ಲಿ ಗೂಟವೊಂದೇ ಇತ್ತು. ಓಣಿಯಲ್ಲಿ ನಿಂತೇ ಅತ್ತೆ. ಅಂಥ ಅಳು ನನಗೆ ನನ್ನವರಿಗಾಗಿಯೂ ಬಂದಿರಲಿಲ್ಲ.

ತಂಗಿಯ ಮಗಳು ಫೋನಿನಲ್ಲಿ ಫೋಟೋ ತೋರಿಸುತ್ತಿದ್ದಳು. ಹೆಬ್ಬಾಗಿಲು ಬಂದಾಗ, ನಡುವಿನ ದಾರಿ ರಾಜನಿಗೆ ಮಾತ್ರ ಎಂದೆ. ಹೊಳೆಯ ದಂಡೆಯ ಗೋಪುರ ಬರುವ ಮೊದಲೇ ಅದಕ್ಕೆಷ್ಟು ಅಂತಸ್ತೆಂದು ಹೇಳಿದೆ. "ನೀವ ಯಾವಾಗ ಹೋಗಿದ್ರಿ, ದೊಡ್ಡವ್ವಾ?" ಎಂದು ಬೆರಗಾದಳು. ಹೋಗಿಲ್ಲ ಎಂದೆ.

ಅವಳು ಹೋದ ಮೇಲೆ ಮಾಳಿಗೆ ಹತ್ತಿ ಟೊಪ್ಪಿಗೆಯನ್ನು ಬಿಸಿಲಿಗೆ ಹಿಡಿದೆ. ಇದರೊಳಗೆ ಚಿತ್ರವಿಲ್ಲ, ಬರೀ ಗರಿಯದು. ಆದರೂ ಕತ್ತು ನೋಯುವ ತನಕ ನೋಡಿದೆ. ಕೆಳಗಿಳಿದು ಬಂದು ಒಬ್ಬಳಿಗೆ ಸಾಲುವಷ್ಟು ಅಡುಗೆ ಮಾಡಿಕೊಂಡೆ. ನನ್ನದು ಗ್ಯಾಸಿನ ಒಲೆ, ಹೊಗೆ ಬರುವುದಿಲ್ಲ. ಆದರೂ ಟೊಪ್ಪಿಗೆಯನ್ನು ಒಯ್ದು ಹಿತ್ತಲ ಬಾಗಿಲ ಆಚೆ ತೂಗುಹಾಕಿದೆ.