ಹೊಳೆಯದ ಕಿಟಕಿ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಒಂದು ಆಯುಷ್ಯವೆಲ್ಲ ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಒಡ್ಡಿ ಒಡ್ಡಿ, ಊಟಕ್ಕೆ ಕೂತಾಗಲೂ ಮುಖ ಹಾಗೇ ನಿಂತುಬಿಟ್ಟಿತ್ತು. ಎಡಗಣ್ಣು ಎಂದು ಬರೆದ ಮೇಲೆ ಅನುಮಾನ ಬರುತ್ತಿದೆ. ನನ್ನ ಬಳಿ ಇರುವ ಅವರ ಒಂದೇ ಫೋಟೋ ಸ್ಟುಡಿಯೋದ ಕನ್ನಡಿಯಲ್ಲಿ ತೆಗೆದದ್ದು. ಎಡ ಬಲದ ವಿಷಯದಲ್ಲಿ ಅದನ್ನು ನಂಬುವಂತಿಲ್ಲ, ನನ್ನ ನೆನಪನ್ನೂ ಅಷ್ಟೇ.

ಅವರ ಸ್ಟುಡಿಯೋ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿತ್ತು. ನಮ್ಮೂರು ತಾಳಗುಂದದ ಆಚೆ. ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಒಂದೂವರೆ ಗಂಟೆ ಕಾಯಬೇಕಿತ್ತು. ಹಾಲ್‌ಟಿಕೆಟ್ಟಿನ ಫೋಟೋಕ್ಕೆಂದು ಒಮ್ಮೆ ಒಳಗೆ ಹೋದವಳು ಮೂರು ವರ್ಷ ಅಲ್ಲೇ ಬಸ್ಸು ಕಾದೆ. ಸಂಬಂಧವೇನೂ ಇಲ್ಲದಿದ್ದರೂ ಅವರು ಮಾವ, ಹಿಂದಿನ ಮನೆಯಿಂದ ಚಹಾ ತರುತ್ತಿದ್ದ ಅವರ ಹೆಂಡತಿ ಅತ್ತೆ.

ಮಾವನ ಮೇಜಿನ ಖಾನೆಯಲ್ಲಿ ಬರೀ ಮನೆಗಳ ಫೋಟೋಗಳ ಒಂದು ದಪ್ಪ ಪುಸ್ತಕವಿತ್ತು. ಸೊರಬದಲ್ಲಿ ಯಾವುದೋ ಹಳೆಯ ಬಂಗಲೆ ಖಾಲಿ ಮಾಡುವಾಗ ಗುಜರಿಗೆ ಹೊರಟಿದ್ದ ಗಂಟಿನಿಂದ ಎತ್ತಿಕೊಂಡದ್ದು. ರಟ್ಟು ಇರಲಿಲ್ಲ, ಯಾವ ಮನೆ ಯಾವ ಊರಿನದು ಎಂದು ತಿಳಿಸುವ ಕೊನೆಯ ಹಾಳೆಗಳೂ ಇರಲಿಲ್ಲ. ಬರಹವಿದ್ದ ಪುಟ ಒಂದೇ ಉಳಿದಿತ್ತು, ಅದನ್ನು ನಾನೇ ಓದಿ ಹೇಳಿದ್ದೆ: ಜಾರ್ಜ್ ಎಂಬ ಹೆಸರಿನ ರಾಜರು ಒಬ್ಬರಾದ ಮೇಲೊಬ್ಬರು ಆಳಿದ ಕಾಲದಲ್ಲಿ ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಕಟ್ಟಿದ ಮನೆಗಳಿವು. ಅಂದಿನಿಂದ ಅವು ಮಾವನಿಗೆ ಜಾರ್ಜರ ಮನೆಗಳಾದವು.

ಕೆಂಪು ಇಟ್ಟಿಗೆಯ ಸಪಾಟು ಗೋಡೆ, ಬಾಗಿಲ ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚಿಟ್ಟಂಥ ಗಾಜು, ಸಾಲು ಕಿಟಕಿಗಳು. ನನಗೆ ಮೊದಲು ಎಲ್ಲವೂ ಒಂದೇ ಥರ ಕಂಡವು. ಮಾವ ನೋಡುವುದನ್ನು ಕಲಿಸಿದರು. ಒಂದು ಸಾಲಿನ ಕಿಟಕಿ ಎಲ್ಲಕ್ಕಿಂತ ಉದ್ದ, ಅದರ ಮೇಲಿನದು ಸ್ವಲ್ಪ ಗಿಡ್ಡ, ತುದಿಯದು ಇನ್ನೂ ಗಿಡ್ಡ. ಒಂದು ಹೂವಿನ ಕೆತ್ತನೆಯೂ ಇಲ್ಲದೆ ಬರೀ ಅಳತೆಯಿಂದಲೇ ಮನೆ ಚೆಂದವಾಗಿದೆ ಎನ್ನುತ್ತಿದ್ದರು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡಿನ ದಾರವನ್ನು ಪುಟದ ಮುಂದೆ ಇಳಿಬಿಟ್ಟು, ಗೋಡೆಯ ಅಂಚು ದಾರಕ್ಕೆ ಕೂಡಿದರೆ ಆ ಕಾಣದ ಫೋಟೋಗ್ರಾಫರನನ್ನು ಮೆಚ್ಚುತ್ತಿದ್ದರು. "ಮನಿ ಮುಂದೆ ನಿಂತು ಕ್ಯಾಮೆರಾ ಮ್ಯಾಲೆತ್ತಿದ್ರೆ ಫೋಟೋದಾಗೆ ಮನಿ ಹಿಂದಕ್ಕೆ ಬೀಳ್ತತಿ. ಹಿಂದೆ ಹಿಂದೆ ನಡೀಬೇಕವ್ವ, ಗಟಾರ ನೋಡ್ಕಂಡು."

ಅವರ ಮನಸ್ಸು ನಿಂತದ್ದು ಒಂದೇ ಮನೆಯ ಮೇಲೆ. ಅದರ ಮೂರನೇ ಸಾಲಿನ ಕೊನೆಯ ಕಿಟಕಿ ಹೊಳೆಯುತ್ತಿರಲಿಲ್ಲ. ಉಳಿದೆಲ್ಲ ಗಾಜುಗಳಲ್ಲಿ ಮೋಡ ಕಾಣುತ್ತಿತ್ತು. ಅದೊಂದು ಮಾತ್ರ ಕಪ್ಪಗೆ ಸತ್ತಂತಿತ್ತು. ಅವರು ತೋರಿಸುವವರೆಗೆ ನನಗದು ಕಂಡಿರಲೇ ಇಲ್ಲ. ಆ ಕೋಣೆಯಲ್ಲಿ ಯಾರೋ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿರಬೇಕು, ಅದಕ್ಕೇ ಮನೆಯವರು ಕೋಣೆ ಮುಚ್ಚಿದ್ದಾರೆ ಎಂದು ಮಾವ ತೀರ್ಮಾನಿಸಿದ್ದರು. ನಮ್ಮ ಕಡೆ ಹಾಗೆ ಸಾವಾದರೆ ತಿಂಗಳುಗಟ್ಟಲೆ ಮನೆಯನ್ನೇ ಬಿಡುತ್ತಾರಲ್ಲ. ಇಂಗ್ಲಿಷರಿಗೆ ನಕ್ಷತ್ರ ಎಲ್ಲಿಯದು ಎಂದು ನಾನು ನಕ್ಕರೆ, "ಸಾವು ಐತಲ್ಲ?" ಎಂದು ಬಾಯಿ ಮುಚ್ಚಿಸಿದ್ದರು.

ಸಾವಿನ ಮನೆಗಳ ಜೊತೆ ಅವರಿಗೆ ದಿನವೂ ವ್ಯವಹಾರವಿತ್ತು. ಗಂಡ ಹೋದ ಮೇಲೆ ಹೆಂಗಸರು ಜೋಡಿ ಫೋಟೋ ಬೇಕೆಂದು ಬರುತ್ತಿದ್ದರು. ಬೇರೆ ಬೇರೆ ತೆಗೆದ ಇಬ್ಬರ ಚಿತ್ರಗಳನ್ನು ಮಾವ ಒಂದರಲ್ಲೇ ಕೂಡಿಸಿಕೊಡುತ್ತಿದ್ದರು. ಅಂಬ್ಲಿಗೊಳದ ಕಡೆಯಿಂದ ಕುರಿ ಸಾಕುವ ಮನೆಯ ಒಬ್ಬಾಕೆ ಗಂಡನ ಓಟಿನ ಕಾರ್ಡು ಹಿಡಿದು ಬಂದದ್ದು ನನಗೆ ನೆನಪಿದೆ. ಜೊತೆಯಾಗಿ ಒಮ್ಮೆಯೂ ಫೋಟೋ ತೆಗೆಸಿರಲಿಲ್ಲವಂತೆ. ಮಾವ ಆ ಸಣ್ಣ ಚಿತ್ರವನ್ನು ಬಹಳ ಹೊತ್ತು ನೋಡಿದರು. ಗಂಡನ ಮುಖಕ್ಕೆ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಅದೇ ಕಡೆಗೆ ದೀಪ ಸರಿಸಿ ಆಕೆಯನ್ನು ಕೂರಿಸಿದರು. "ಇಬ್ಬರೂ ಒಂದೇ ಬಿಸಿಲಾಗೆ ಕುಂತಂಗೆ ಇರಬೇಕು" ಎಂದರು. ಅಷ್ಟು ಜತನದಿಂದ ಮಾಡಿದ ಸುಳ್ಳನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ನಾನು ಒಂದು ವರ್ಷದ ಓದಿಗೆ ಐರ್ಲೆಂಡಿಗೆ ಹೊರಡುವ ಹೊತ್ತಿಗೆ ಮಾವನ ಕಣ್ಣಿನ ಒತ್ತಡ ಏರಿತ್ತು. ಹೋದ ನೋಟ ವಾಪಸು ಬರುವುದಿಲ್ಲ, ಇರುವುದೂ ಅಂಚಿನಿಂದ ಸವೆಯುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರಂತೆ. ಆ ಮನೆಯ ಪುಟವನ್ನು ನನ್ನ ಮೊಬೈಲಿನಲ್ಲಿ ತೆಗೆಸಿದರು. "ಸಿಕ್ರೆ ಹೋಗಿ ನಿಂತ್ಕಂಡು ನೋಡು. ಆ ಕಿಟಕಿಗೆ ಏನಾಗೇತಿ ಅಂತ ತಿಳ್ಕಂಡು ಬಾ. ನಂಗೆ ಕಾಣೋದ್ರೊಳಗೆ."

ಡಬ್ಲಿನ್ನಿನ ಬೀದಿ ಬೀದಿ ಅಲೆದೆ. ಕಂಡವರಿಗೆಲ್ಲ ತೋರಿಸಿದೆ. ಆ ಮನೆ ಸಿಗಲಿಲ್ಲ. ವಾಪಸು ಬರುವ ವಾರ ಲಿಮರಿಕ್ ಎಂಬ ಊರಿನಲ್ಲಿ ಹೆಚ್ಚುಕಡಿಮೆ ಅಂಥದೇ ಮನೆ ಕಂಡಿತು. ಮೂರನೇ ಸಾಲಿನ ಒಂದು ಕಿಟಕಿ ಅಲ್ಲೂ ಹೊಳೆಯುತ್ತಿರಲಿಲ್ಲ. ಬಾಗಿಲಲ್ಲಿದ್ದ ಮುದುಕಿಯನ್ನು ಕೇಳಿದೆ. ಅದರ ಹಿಂದೆ ಕೋಣೆಯೇ ಇಲ್ಲ, ಗೋಡೆ ಇದೆ. ಎರಡೂ ಬದಿ ಸಮ ಕಾಣಲೆಂದು ಕಟ್ಟುವಾಗಲೇ ಕಿಟಕಿಯ ಹಾಗೆ ಬಣ್ಣ ಬರೆದದ್ದು ಎಂದಳು. ರಸ್ತೆ ದಾಟಿ, ಹಿಂದೆ ಹಿಂದೆ ನಡೆದು ಫೋಟೋ ತೆಗೆದೆ.

ಊರಿಗೆ ಬಂದಾಗ ಮೊಬೈಲಿನ ಚಿತ್ರ ಅವರಿಗೆ ಕಾಣುತ್ತಿರಲಿಲ್ಲ. ದೊಡ್ಡ ಪ್ರಿಂಟು ಹಾಕಿಸಿ ಕೊಟ್ಟೆ. ಅದೇ ಮನೆಯಾ ಎಂದು ಕೇಳಿದರು. ಹೌದು ಮಾವ ಎಂದೆ. ಭೂತಗನ್ನಡಿ ಹಿಡಿದು ಬೆರಳಗಲ ಬೆರಳಗಲವಾಗಿ ಇಡೀ ಮನೆಯನ್ನು ಮೇಲಿನಿಂದ ನೋಡುತ್ತ ಇಳಿದರು.

"ಅದ್ಕೆ ಬಾಗಿಲ ಮುಂದೆ ಆರು ಮೆಟ್ಲು. ಇದ್ಕೆ ನಾಕು."

ರಸ್ತೆ ಎತ್ತರ ಮಾಡಿರಬಹುದು ಎಂದೆ.

"ಅಲ್ಲೂ ನಮ್ಮಂಗೇ ಡಾಂಬರಿನ ಮ್ಯಾಲೆ ಡಾಂಬರು ಸುರೀತಾರೇನು?" ಎಂದು ನಕ್ಕರು. ಆಮೇಲೆ ಕನ್ನಡಿ ಕೆಳಗಿಟ್ಟರು. "ನೋಡವ್ವ, ಇನ್ನ ಮುಂದೆ ನೀವೆಲ್ಲ ಹೇಳಿದ್ದೇ ನಂಗೆ ನೋಟ. ನೀವು ಸುಳ್ಳು ಹೇಳಿದ್ರೆ ನಾನು ಯಾವ ಕಣ್ಣಿಂದ ತಿದ್ಕಳ್ಳಲಿ?"

ತಲೆ ತಗ್ಗಿಸಿ ಎಲ್ಲವನ್ನೂ ಇದ್ದಂತೆ ಹೇಳಿದೆ. ಬಣ್ಣ ಬರೆದ ಕಿಟಕಿಯ ಮಾತು ಬಂದಾಗ ಅವರು ತಡೆದರು.

"ಪುಸ್ತಕದ ಮನೀದೂ ಹಿಂಗೇ ಇರಬೋದಾ?"

"ಇರಬಹುದು ಮಾವ. ಖಂಡಿತ ಅಂತ ಹೇಳಲಾರೆ."

"ಹಂಗಾದ್ರೆ ಯಾರೂ ಸತ್ತಿರಲಿಕ್ಕಿಲ್ಲ." ಅವರ ಮುಖ ಸಡಿಲವಾಯಿತು. "ಸುಮ್ಸುಮ್ನೆ ಇಷ್ಟು ವರ್ಷ ಆ ಮನಿಯವರಿಗೆ ಸೂತಕ ಹಿಡಿಸಿದ್ನಲ್ಲೇ." ಭೂತಗನ್ನಡಿಯನ್ನು ಮತ್ತೆ ಆ ಕಿಟಕಿಯ ಮೇಲೆ ಹಿಡಿದು, ಆ ಬಣ್ಣ ಬರೆದವನು ತನ್ನ ಕಸುಬಿನವನೇ ಎಂದರು.

ಮರುವರ್ಷ ಅವರು ತೀರಿಕೊಂಡರು. ಆ ಹೊತ್ತಿಗೆ ನೋಟ ಪೂರ್ತಿ ಹೋಗಿತ್ತು. ನಾನು ಹೋದಾಗ ಅತ್ತೆ ಹತ್ತಿರ ಕೂರಿಸಿಕೊಂಡು, ಬಂದವರಿಗೆಲ್ಲ ಮಾವ ನನ್ನ ಸುದ್ದಿ ಹೇಳುತ್ತಿದ್ದುದನ್ನು ನೆನೆದರು. "ಏಣಿ ಹತ್ತಿ ಆ ಕಿಟಕಿ ಮುಟ್ಟಿ ನೋಡಿ ಬಂದಿಯಂತಲ್ಲವ್ವ? ತಣ್ಣಗಿತ್ತಂತೆ."

ಏಣಿಯ ಮಾತು ನಾನು ಆಡಿದ್ದೆನೇ? ಅವರೇ ಸೇರಿಸಿದರೇ? ಹೌದೆಂದುಬಿಡುವುದು ಸುಲಭವಿತ್ತು. ಆ ಕ್ಷಣ ನನ್ನ ಅಂಗೈಗೆ ನಿಜವಾಗಿಯೂ ತಣ್ಣನೆಯ ಗೋಡೆ ತಗುಲಿದಂತಾಯಿತು.

"ಇಲ್ಲ ಅತ್ತೆ," ಎಂದೆ. "ಕಿಟಕಿ ಎತ್ತರದಲ್ಲಿತ್ತು. ರಸ್ತೆ ಆಚೆಯಿಂದ ನೋಡಿದ್ದಷ್ಟೇ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾದ್ರೆ ನೋಡಿದ್ದಷ್ಟು ಹೇಳು. ಅವರ ಬಾಯಾಗೆ ಕೇಳಿದ್ದೇ ಆತು, ನಿನ್ನ ಬಾಯಾಗೆ ನಾ ಕೇಳಿಲ್ಲ."

ನಾನು ಕೆಳಗಿನಿಂದ, ನಾಲ್ಕು ಮೆಟ್ಟಿಲುಗಳಿಂದ ಶುರುಮಾಡಿದೆ.